ಪೋಟಗಿಯ ಜೋಳದಿಂದ ಪ್ರಶ್ನಾವಳಿಯವರೆಗೆ: ಮನೆಯ ಹಿರಿಯರ ಆರೈಕೆಯನ್ನು ಅಳೆದ ಕಥೆ



ಈಚಿನ ವರ್ಷಗಳಲ್ಲಿ ನಿಮ್ಮಲ್ಲಿ ಹಲವರು ನನ್ನನ್ನು ಒಂದೇ ಬಗೆಯ ಪ್ರಶ್ನೆ ಕೇಳಿದ್ದೀರಿ. ನೀವು ಪುಣೆ, ಇಚಲಕರಂಜಿ, ಬೆಂಗಳೂರುಗಳಲ್ಲಿ ನೆಲೆಸಿದ್ದೀರಿ. ತಂದೆಯೋ ತಾಯಿಯೋ ಅಂಕಲಿಯಲ್ಲಿ, ಇಲ್ಲವೇ ಆಸುಪಾಸಿನ ಹಳ್ಳಿಯಲ್ಲಿ, ಮನೆಯಲ್ಲೇ ಇದ್ದಾರೆ. ನೋಡಿಕೊಳ್ಳಲು ತಮ್ಮನ ಹೆಂಡತಿ ಇದ್ದಾಳೆ, ಅಥವಾ ತಿಂಗಳ ಪಗಾರದ ಮೇಲೆ ಒಬ್ಬ ಹೆಣ್ಣುಮಗಳನ್ನು ಗೊತ್ತುಮಾಡಿದ್ದೀರಿ. "ಸರ್, ಹಣವನ್ನೇನೋ ಕಳಿಸುತ್ತೇವೆ. ಆರೈಕೆ ಸರಿಯಾಗಿ ನಡೆದಿದೆಯೋ ಇಲ್ಲವೋ ತಿಳಿಯುವುದು ಹೇಗೆ?" ಎಂಬುದು ಆ ಪ್ರಶ್ನೆ.

ನಾನು ವೈದ್ಯನಲ್ಲ, ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು. ಹೀಗಾಗಿ ನನಗೆ ತಿಳಿದ ದಾರಿಯನ್ನೇ ಹಿಡಿದೆ. ಈ ಪ್ರಶ್ನೆಯನ್ನು ನಮಗಿಂತ ಮೊದಲು ಯಾರು ಯಾರು ಕೇಳಿದರು, ಯಾವ ಅಳತೆಗೋಲು ಹಿಡಿದರು ಎಂದು ಹುಡುಕುತ್ತ ಹೋದೆ. ಕಂಡ ಸಂಗತಿ ಇಷ್ಟು: ಅಳೆದವರು ಬಹುಮಟ್ಟಿಗೆ ಕೊಡುವವರ ಕಡೆಯಿಂದ ಅಳೆದರು. ಎಷ್ಟು ಜೋಳ ಕೊಟ್ಟರು, ಎಷ್ಟು ರೂಪಾಯಿ ಕೊಟ್ಟರು, ಎಷ್ಟು ಸಲ ಭೇಟಿ ಕೊಟ್ಟರು ಎಂಬುದು ಅವರ ಲೆಕ್ಕ. ಪಡೆಯುವವರ ಕಡೆಯ ಲೆಕ್ಕಕ್ಕೆ ಬಂದದ್ದು ತೀರ ತಡವಾಗಿ, ಅದೂ ಅರ್ಧಂಬರ್ಧವಾಗಿ.

ನಮ್ಮ ಭಾಗದಲ್ಲಿ ಈ ಲೆಕ್ಕಕ್ಕೆ ಹಳೆಯ ಹೆಸರು 'ಪೋಟಗಿ'. ಶಬ್ದ ಮರಾಠಿಯದು, ಹೊಟ್ಟೆ ಎಂಬ ಅರ್ಥದ 'ಪೋಟ' ಅದರ ಮೂಲ. 1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ಆಡಳಿತದಲ್ಲಿದ್ದುದರಿಂದ ಉತಾರ, ವಾಟಣಿ, ಬಕ್ಷೀಸ ಪತ್ರಗಳ ಜೊತೆಗೆ ಪೋಟಗಿಯೂ ನಮ್ಮ ಕಾಗದಪತ್ರಗಳಲ್ಲಿ ಉಳಿದುಕೊಂಡಿತು. ಹಳೆಯ ಮನೆಗಳ ಪೆಟ್ಟಿಗೆಗಳಲ್ಲಿ ಇಂಥ ಕಾಗದಗಳನ್ನು ನಾನು ಕಂಡಿದ್ದೇನೆ. ಕೆಲವು ಮೋಡಿ ಲಿಪಿಯಲ್ಲಿವೆ. ಅವನ್ನು ಓದಿಸಲು ಓದಬಲ್ಲ ಹಿರಿಯರನ್ನು ಹುಡುಕಿಕೊಂಡು ಹೋಗಬೇಕಾಯಿತು. ಒಕ್ಕಣೆ ಹೆಚ್ಚು ಕಡಿಮೆ ಒಂದೇ ತೆರನಾದದ್ದು: ಹೊಲ ಹಂಚಿಕೊಂಡ ಮಕ್ಕಳು ತಾಯಿಗೆ ವರ್ಷಕ್ಕೆ ಇಷ್ಟು ಚೀಲ ಜೋಳ, ಇಷ್ಟು ಸೀರೆ, ಇರಲು ಪಡಸಾಲೆಯ ಪಕ್ಕದ ಒಂದು ಕೋಣೆ ಕೊಡತಕ್ಕದ್ದು.

ಈ ಅಳತೆ ಬಹಳ ಗಟ್ಟಿ. ಚೀಲವನ್ನು ತೂಗಬಹುದು, ಪಂಚರ ಎದುರು ತೋರಿಸಬಹುದು, ತಪ್ಪಿದರೆ ನ್ಯಾಯಾಲಯಕ್ಕೆ ಹೋಗಬಹುದು. ಆದರೆ ಎಂಬತ್ತರ ಮುದುಕಿಯ ಬಾಯಲ್ಲಿ ಹಲ್ಲಿಲ್ಲ. ಜೋಳ ಬೀಸಬೇಕು, ನುಚ್ಚು ಕುದಿಸಬೇಕು, ಇಲ್ಲವೇ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಹಾಕಿ ಹಿಸುಕಿ ಕೊಡಬೇಕು. ಅದನ್ನು ಯಾರು ಮಾಡತಕ್ಕದ್ದು ಎಂಬ ಮಾತು ನಾನು ನೋಡಿದ ಒಂದು ಕಾಗದದಲ್ಲೂ ಇರಲಿಲ್ಲ. ಜೋಳದ ಚೀಲ ಹೊತ್ತಿಗೆ ಸರಿಯಾಗಿ ಕೋಣೆ ಸೇರಿದರೆ ಪತ್ರದ ಮಾತು ನಡೆದಂತಾಯಿತು. ಅದರೊಳಗಿನ ಕಾಳು ಮುದುಕಿಯ ಹೊಟ್ಟೆ ಸೇರಿತೋ ಇಲ್ಲವೋ ಪತ್ರಕ್ಕೆ ಸಂಬಂಧವಿಲ್ಲ.

ಬಿ.ಎಡ್. ಓದಿದವರಿಗೆ ಇದು ಹೊಸದಲ್ಲ. ಮೌಲ್ಯಮಾಪನದ ಪಾಠದಲ್ಲಿ ವಿಶ್ವಾಸಾರ್ಹತೆ, ಸಪ್ರಮಾಣತೆ ಎಂಬ ಎರಡು ಗುಣಗಳನ್ನು ಬಾಯಿಪಾಠ ಮಾಡಿದ್ದೆವು. ಯಾರು ಯಾವಾಗ ಅಳೆದರೂ ಒಂದೇ ಉತ್ತರ ಬಂದರೆ ಅದು ವಿಶ್ವಾಸಾರ್ಹತೆ. ಅಳೆಯಬೇಕಾದದ್ದನ್ನೇ ಅಳೆದರೆ ಅದು ಸಪ್ರಮಾಣತೆ. ಪೋಟಗಿಯ ಜೋಳಕ್ಕೆ ಮೊದಲನೆಯದು ಪೂರ್ತಿ ಇತ್ತು, ಎರಡನೆಯದು ಇರಲಿಲ್ಲ. (ನಿಮ್ಮ ಇತಿಹಾಸದ ಉತ್ತರ ಪತ್ರಿಕೆಗಳಲ್ಲಿ ಇಸವಿಗಳಿಗೆ ಅಂಕ ಕೊಡುವುದು ನಮಗೂ ಅಷ್ಟೇ ಸುಲಭವಾಗಿತ್ತು ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ.)

ಶಾಸ್ತ್ರವಾದರೂ ಈ ವಿಷಯದಲ್ಲಿ ಉದಾರವಾಗಿತ್ತು. ಹಿಂದೂ ಕುಟುಂಬ ಕಾನೂನಿಗೆ ಬಹುಪಾಲು ಭಾರತದಲ್ಲಿ ಆಧಾರವಾದ ಮಿತಾಕ್ಷರಾ ಹುಟ್ಟಿದ್ದು ನಮ್ಮ ನೆಲದಲ್ಲೇ. ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ (1076–1126) ಆಸ್ಥಾನದಲ್ಲಿದ್ದ ವಿಜ್ಞಾನೇಶ್ವರ ಅದನ್ನು ಬರೆದನು. ಆ ಪರಂಪರೆಯ ಕಾನೂನಿನಲ್ಲಿ ವೃದ್ಧ ತಂದೆತಾಯಿಗಳ ಪೋಷಣೆ ಮಗನ ಸ್ವಂತ ಹೊಣೆ. ಪಿತ್ರಾರ್ಜಿತ ಆಸ್ತಿ ಬಂದಿದೆಯೋ ಇಲ್ಲವೋ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. "ಹೊಲ ಯಾರಿಗೆ ಕೊಟ್ಟಾರ ಅವರೇ ನೋಡಲಿ" ಎಂದು ನಮ್ಮ ಕಟ್ಟೆಗಳಲ್ಲಿ ಈಗಲೂ ಕೇಳಿಬರುವ ಮಾತಿಗೆ ಶಾಸ್ತ್ರದ ಬೆಂಬಲವಿಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮ ಈ ಹೊಣೆಯನ್ನು ಮಗಳಿಗೂ ವಿಸ್ತರಿಸಿತು. ಜೀವನಾಂಶವೆಂದರೆ ಅನ್ನ, ಬಟ್ಟೆ, ವಸತಿಗಳಷ್ಟೇ ಅಲ್ಲ, ವೈದ್ಯಕೀಯ ಶುಶ್ರೂಷೆಯೂ ಹೌದು ಎಂದು ಬರೆಯಿತು. ಎಲ್ಲ ಧರ್ಮದವರಿಗೂ ಅನ್ವಯಿಸುತ್ತಿದ್ದ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು 1974ರಲ್ಲಿ ಜಾರಿಗೆ ಬಂದಾಗ ಅದರಲ್ಲಿ ತಂದೆತಾಯಿಗಳೂ ಸೇರಿದರು. ಆದರೆ ತಿಂಗಳಿಗೆ 500 ರೂಪಾಯಿಯ ಮಿತಿ ಇತ್ತು, ಮತ್ತು ಆ ಮಿತಿ 2001ರವರೆಗೆ ಹಾಗೆಯೇ ಕುಳಿತಿತ್ತು! ಇಪ್ಪತ್ತೇಳು ವರ್ಷಗಳಲ್ಲಿ ಜೋಳದ ಧಾರಣೆ ಎಲ್ಲಿಂದ ಎಲ್ಲಿಗೆ ಹೋಯಿತೆಂದು ನಿಮ್ಮ ಹಿರಿಯರನ್ನು ಕೇಳಿನೋಡಿ. ಪೋಟಗಿ ಪತ್ರದ ಚೀಲವಾದರೂ ಧಾರಣೆಯೊಂದಿಗೆ ಏರುತ್ತಿತ್ತು.

2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಅಧಿನಿಯಮ ನಿಮಗೆಲ್ಲ ಗೊತ್ತಿರುವುದೇ. ವಕೀಲರ ಗೋಜಿಲ್ಲದೆ ಉಪವಿಭಾಗ ಮಟ್ಟದ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ನಮಗೆ ಅದು ಚಿಕ್ಕೋಡಿ. ಗರಿಷ್ಠ ತಿಂಗಳಿಗೆ 10,000 ರೂಪಾಯಿ. ಈ ಕಾನೂನಿನಲ್ಲಿ ನನಗೆ ವಿಚಿತ್ರವೆನಿಸಿದ್ದು 'ಮಕ್ಕಳು' ಎಂಬ ಪದದ ವ್ಯಾಖ್ಯೆ. ಮಗ, ಮಗಳು, ಮೊಮ್ಮಗ, ಮೊಮ್ಮಗಳು ಅದರಲ್ಲಿದ್ದಾರೆ. ಸೊಸೆ ಇಲ್ಲ. ಹೊಣೆಗಾರರ ಪಟ್ಟಿಯಲ್ಲಿ ಅವಳಿಲ್ಲದಿರುವುದು ನ್ಯಾಯವೇ ಇರಬಹುದು. ಆದರೆ ಅಂಕಲಿಯಲ್ಲಾಗಲಿ ಅಥಣಿಯಲ್ಲಾಗಲಿ ಮಾವನ ಹಾಸಿಗೆ ಒಗೆಯುವ ಕೈ ಯಾವುದೆಂದು ಎಲ್ಲರಿಗೂ ಗೊತ್ತು. ಆ ಕೈಯನ್ನು ಹೆಸರಿಸದೆಯೇ ಪೋಷಣೆಯ ಕಾನೂನೊಂದು ಬರೆಯಲ್ಪಟ್ಟಿತು.

ಇದೇ ಕಾನೂನಿನ 23ನೇ ಕಲಮಿನ ಬಗ್ಗೆ ಒಂದು ಮಾತು, ಏಕೆಂದರೆ ನಿಮ್ಮಲ್ಲಿ ಕೆಲವರ ಮನೆಗಳಲ್ಲಿ ಬಕ್ಷೀಸ ಪತ್ರದ ಚರ್ಚೆ ನಡೆದಿದೆ. ನೋಡಿಕೊಳ್ಳುವ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟು, ಪಡೆದವರು ನೋಡಿಕೊಳ್ಳದಿದ್ದರೆ ಆ ಪತ್ರವನ್ನು ರದ್ದುಮಾಡಿಸಬಹುದು. ಷರತ್ತು ಇದ್ದುದು ಸಿದ್ಧವಾಗದಿದ್ದರೆ ಈ ಕಲಮು ಸಲ್ಲದು ಎಂದು ಸರ್ವೋಚ್ಚ ನ್ಯಾಯಾಲಯ 2022ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಒಬ್ಬ ತಾಯಿಯ ಪ್ರಕರಣದಲ್ಲಿ, ಇದು ಹಿರಿಯರ ಹಿತಕ್ಕಾಗಿ ಮಾಡಿದ ಕಾನೂನಾದ್ದರಿಂದ ಉದಾರವಾಗಿ ಅರ್ಥೈಸಬೇಕೆಂದು ಹೇಳಿ, ಆಸ್ತಿಯನ್ನು ಆಕೆಗೆ ಮರಳಿಸಿತು. ಎರಡನ್ನೂ ಓದಿದ ಮೇಲೆ ನನ್ನ ಸಲಹೆ ಇದು: ಷರತ್ತನ್ನು ಪತ್ರದಲ್ಲೇ ಬರೆಸಿರಿ. ಬರೆಸುವಾಗ ಜೋಳದ ಚೀಲಕ್ಕೆ ನಿಲ್ಲಿಸದೆ ಸ್ನಾನ, ಔಷಧ, ರಾತ್ರಿ ಜೊತೆಗಿರುವವರು ಯಾರು ಎಂಬಲ್ಲಿಯವರೆಗೂ ಬರೆಸಿರಿ.

ಪತ್ರವಿಲ್ಲದ ಮನೆಗಳಲ್ಲಿ ಪಾಳಿ ಇತ್ತು, ಈಗಲೂ ಇದೆ. ಮೂವರು ಮಕ್ಕಳಿದ್ದರೆ ತಾಯಿ ತಿಂಗಳಿಗೊಬ್ಬರ ಮನೆಯಲ್ಲಿ ಉಣ್ಣುತ್ತಾಳೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಲೆಕ್ಕ. ಕೌದಿ, ತಂಬಿಗೆ, ಎಲೆಯಡಿಕೆಯ ಚೀಲ ಹಿಡಿದುಕೊಂಡು ಒಂದು ಹೊಸ್ತಿಲಿಂದ ಇನ್ನೊಂದಕ್ಕೆ ನಡೆಯುವ ಅವ್ವಂದಿರನ್ನು ನೀವೂ ಕಂಡಿದ್ದೀರಿ. ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಬಂದಾಗ ಅದು ಯಾರ ಪಾಳಿ ಎಂಬ ಜಗಳವನ್ನೂ ಕೇಳಿರಬಹುದು. ಪಾಳಿಯ ಅಳತೆಯೂ ಕೊಡುವವರ ನಡುವಿನ ಸಮಾನತೆಯದು. ಅಣ್ಣನಿಗಿಂತ ತಮ್ಮನಿಗೆ ಒಂದು ದಿನವೂ ಹೆಚ್ಚಾಗಬಾರದು. ಪ್ರತಿ ತಿಂಗಳೂ ಬಚ್ಚಲು ಬೇರೆ, ಒಲೆ ಬೇರೆ, ಕತ್ತಲಲ್ಲಿ ತಡಕಾಡುವ ಗೋಡೆ ಬೇರೆ ಎಂಬುದು ಆ ಲೆಕ್ಕದಲ್ಲಿ ಇಲ್ಲ. ಕಣ್ಣು ಮಂಜಾದವರು ಪಾಳಿ ಬದಲಾದ ಮೊದಲ ದಿನಗಳಲ್ಲೇ ಬೀಳುವುದನ್ನು ನಾನು ಹಲವು ಮನೆಗಳಲ್ಲಿ ಕಂಡಿದ್ದೇನೆ.

ಇನ್ನು ಸರಕಾರದ ಲೆಕ್ಕ. ಬ್ರಿಟಿಷರ ಜನಗಣತಿ 1872ರಿಂದ 1931ರವರೆಗೆ ಕುರುಡರು, ಕಿವುಡ-ಮೂಕರು, ಬುದ್ಧಿವಿಕಲರು, ಕುಷ್ಠರೋಗಿಗಳು ಎಂಬ ನಾಲ್ಕು ಬಗೆಯವರನ್ನು ಎಣಿಸಿತು. ವಯಸ್ಸು ಏರಿದಂತೆ ಕುರುಡರ ಸಂಖ್ಯೆಯೂ ಏರುತ್ತಿತ್ತು. ಪೊರೆ ಬಂದ ಮುದುಕರೆಲ್ಲ ಆ ಪಟ್ಟಿಯಲ್ಲಿ ಸೇರುತ್ತಿದ್ದರು. ನಮ್ಮ ಮುತ್ತಜ್ಜ ಮುತ್ತಜ್ಜಿಯರ ಮುಪ್ಪು ಸರಕಾರಿ ದಫ್ತರದಲ್ಲಿ ದಾಖಲಾದದ್ದು ಬಹುಶಃ ಹೀಗೆಯೇ. ಸ್ವತಂತ್ರ ಭಾರತದ ರಾಷ್ಟ್ರೀಯ ಮಾದರಿ ಸಮೀಕ್ಷೆ 1986–87ರ 42ನೇ ಸುತ್ತಿನಲ್ಲಿ ಮೊದಲ ಬಾರಿಗೆ ಹಿರಿಯರನ್ನೇ ವಿಷಯವಾಗಿಸಿಕೊಂಡು ಮನೆಮನೆಗೆ ಹೋಯಿತು. 1995–96, 2004, 2014, 2017–18ರಲ್ಲಿ ಮತ್ತೆ ಕೇಳಿತು. ಅದರ ಪ್ರಶ್ನೆಗಳಲ್ಲೊಂದು ನನಗೆ ಬಹಳ ಹಿಡಿಸಿತು: ಈ ವ್ಯಕ್ತಿ ಹಾಸಿಗೆ ಹಿಡಿದಿದ್ದಾರೆಯೇ, ಮನೆಯೊಳಗಷ್ಟೇ ಓಡಾಡುತ್ತಾರೆಯೇ, ಹೊರಗೂ ಹೋಗುತ್ತಾರೆಯೇ?

ಹಿಡಿಸಲು ಕಾರಣವಿದೆ. ಸಂತ ಜ್ಞಾನೇಶ್ವರರ ಪಾಲಖಿಯ ಅಶ್ವಗಳು ನಮ್ಮ ಅಂಕಲಿಯ ಶಿತೋಳೆ ಸರಕಾರರ ವಾಡೆಯಿಂದ ಪ್ರತಿವರ್ಷ ಆಳಂದಿಗೆ ಕಾಲ್ನಡಿಗೆಯಲ್ಲಿ ಹೊರಡುತ್ತವೆ. (ಸಾಂಗ್ಲಿಯ ಬಳಿ, ಕೃಷ್ಣೆಯ ದಂಡೆಯ ಮೇಲೆಯೇ ಇನ್ನೊಂದು ಅಂಕಲಿ ಇದೆ, ದೂರದವರು ಎರಡನ್ನೂ ಬೆರೆಸುತ್ತಾರೆ.) ನಮ್ಮೂರಿನ ಹಿರಿಯರು ತಮ್ಮ ಮುಪ್ಪನ್ನು ಆ ಕುದುರೆಯಿಂದಲೇ ಅಳೆದುಕೊಳ್ಳುತ್ತಿದ್ದುದನ್ನು ಬಾಲ್ಯದಿಂದ ಕೇಳಿದ್ದೇನೆ. "ಮೊದಲ ಆಳಂದಿ ತನಕಾ ಹೋಗ್ತಿದ್ದೆ, ಆಮ್ಯಾಲ ಮಿರಜ ತನಕಾ, ಈಗ ಅಗಸಿ ತನಕಾ." ಅದಾದ ಮೇಲೆ ಕಟ್ಟೆಯ ಮೇಲಿಂದ ದರ್ಶನ, ಕೊನೆಗೆ ಒಳಕೋಣೆಯಿಂದ ಗಂಟೆಯ ಸದ್ದು. ಸಮೀಕ್ಷೆಯವರ ಮೂರು ಮೆಟ್ಟಿಲುಗಳಿಗಿಂತ ಇದು ಹೆಚ್ಚು ಸೂಕ್ಷ್ಮ. ಅಳೆಯುವವರು ಇಲ್ಲಿ ಸ್ವತಃ ಹಿರಿಯರು ಎಂಬುದನ್ನೂ ಗಮನಿಸಿ.

ವೈದ್ಯಲೋಕದಲ್ಲಿ ಇಂಥ ಮೆಟ್ಟಿಲನ್ನು ಶಾಸ್ತ್ರೀಯವಾಗಿ ಕಟ್ಟಿದವರು ಅಮೆರಿಕದ ಕ್ಲೀವ್‌ಲ್ಯಾಂಡಿನ ಸಿಡ್ನಿ ಕಾಟ್ಜ್ ಎಂಬ ವೈದ್ಯರು. ಸೊಂಟದ ಮೂಳೆ ಮುರಿದ ಮುದುಕರನ್ನು ವರ್ಷಗಟ್ಟಲೆ ಗಮನಿಸಿ 1963ರಲ್ಲಿ ಅವರ ತಂಡ ಆರು ಕೆಲಸಗಳ ಸೂಚ್ಯಂಕ ಪ್ರಕಟಿಸಿತು: ಸ್ನಾನ, ಬಟ್ಟೆ ತೊಡುವುದು, ಶೌಚಕ್ಕೆ ಹೋಗುವುದು, ಹಾಸಿಗೆಯಿಂದ ಏಳುವುದು, ಮಲಮೂತ್ರ ತಡೆದುಕೊಳ್ಳುವುದು, ಉಣ್ಣುವುದು. ಇವು ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಕೈಬಿಟ್ಟುಹೋಗುತ್ತವೆ. ಮೊದಲು ಸ್ನಾನ, ಕೊನೆಗೆ ಊಟ. ಮಗು ಇವನ್ನು ಕಲಿಯುವ ಕ್ರಮಕ್ಕೂ ಇದಕ್ಕೂ ಹೋಲಿಕೆ ಇದೆ ಎಂದು ಅವರು ಗಮನಿಸಿದರು. ಹೀಗಾಗಿ ಮನೆಯ ಹಿರಿಯರ ವಿಷಯದಲ್ಲಿ ಮೊದಲು ನೋಡಬೇಕಾದ ಜಾಗ ಬಚ್ಚಲುಮನೆ. ಊಟ ಮಾಡುತ್ತಿದ್ದಾರೆ ಎಂಬುದು ಸಮಾಧಾನದ ಮಾತೇನೋ ಹೌದು, ಆದರೆ ಅದು ಬಹಳ ತಡವಾಗಿ ಕೆಡುವ ಸೂಚನೆ. ಫೋನಿನಲ್ಲಿ ನಾವು ಕೇಳುವುದು ಮಾತ್ರ "ಊಟಾ ಆತೇನವ್ವಾ?" ಎಂದೇ.

ಕಾಟ್ಜರ ಪಟ್ಟಿ ನಮ್ಮ ಹಳ್ಳಿಗೆ ಹಾಗೆಯೇ ಒಗ್ಗುವುದಿಲ್ಲ. 1999ರಲ್ಲಿ ಹರಿಯಾಣದ ಬಲ್ಲಭಗಢದ ಹಳ್ಳಿಗಳ ಅನಕ್ಷರಸ್ಥ ಹಿರಿಯರಿಗಾಗಿ ಮೇರಿ ಗಂಗೂಲಿ ಮೊದಲಾದ ಸಂಶೋಧಕರು ಒಂದು ಭಾರತೀಯ ಪ್ರಶ್ನಾವಳಿ ರೂಪಿಸಿದರು. ಉಂಡದ್ದನ್ನು ಮರೆಯುತ್ತಾರೆಯೇ, ಊರೊಳಗೆ ದಾರಿ ತಪ್ಪುತ್ತಾರೆಯೇ, ಹೋಳಿ ದೀಪಾವಳಿಗಳ ನೆನಪಿದೆಯೇ ಎಂಬವು ಅದರಲ್ಲಿವೆ. ಜೊತೆಗೆ ಇನ್ನೊಂದು: ಮದುವೆಯಂಥ ಮನೆಯ ಮುಖ್ಯ ವಿಷಯಗಳಲ್ಲಿ ತಮ್ಮ ಅಭಿಪ್ರಾಯ ಹೇಳುತ್ತಾರೆಯೇ? ಮನಸ್ಸಿನ ಶಕ್ತಿಯನ್ನು ಅಳೆಯಲು ಇಟ್ಟ ಪ್ರಶ್ನೆ ಅದು. ಓದಿದಾಗ ನನಗೆ ತೋಚಿದ್ದೇ ಬೇರೆ. ಅಭಿಪ್ರಾಯ ಹೇಳಬೇಕಾದರೆ ಮೊದಲು ಯಾರಾದರೂ ಕೇಳಬೇಕಲ್ಲವೆ? ಕೇಳುವವರಿಲ್ಲದ ಮನೆಯಲ್ಲಿ ಹುಷಾರಾದ ಅಜ್ಜನಿಗೂ ಈ ಪ್ರಶ್ನೆಯಲ್ಲಿ ಅಂಕ ಸಿಗಲಾರದು. 2023ರ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರಿಗೆ ಮನೆಯಿಂದಲೇ ಮತ ಹಾಕುವ ಅವಕಾಶ ಬಂದಿತು. ಹಾಸಿಗೆಯ ಬಳಿಗೆ ಬಂದು "ನಿಮ್ಮ ಅಭಿಪ್ರಾಯವೇನು?" ಎಂದು ಕೇಳಿದವರು ಚುನಾವಣಾ ಸಿಬ್ಬಂದಿ ಮಾತ್ರ ಎನ್ನುವ ಮನೆಗಳು ಇದ್ದಾವು.

ಆರೈಕೆಯ ಗುಣಮಟ್ಟ ಅಳೆಯುವ ವಿದ್ಯೆಗೆ ತಳಹದಿ ಹಾಕಿದವರು ಬೈರೂತಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಅವೇಡಿಸ್ ಡೊನಬೀಡಿಯನ್. 1966ರ ಪ್ರಬಂಧದಲ್ಲಿ ಅವರು ಮೂರು ಕಡೆ ನೋಡಲು ಹೇಳಿದರು: ವ್ಯವಸ್ಥೆ ಏನಿದೆ, ಕೆಲಸ ಹೇಗೆ ನಡೆಯುತ್ತದೆ, ಫಲ ಏನಾಯಿತು. ಮಂಚ, ಗಾಲಿಕುರ್ಚಿ, ಪಗಾರದ ಆಯಾ ಇರುವುದು ವ್ಯವಸ್ಥೆ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸುವುದು ಕೆಲಸ. ಬೆನ್ನಿನ ಮೇಲೆ ಹುಣ್ಣಾಗದಿರುವುದು ಫಲ. ದೂರದಲ್ಲಿರುವ ಮಕ್ಕಳು ಹಣ ಕೊಟ್ಟು ಕೊಳ್ಳಬಲ್ಲದ್ದು ಮೊದಲನೆಯದನ್ನು ಮಾತ್ರ. "ಎಲ್ಲಾ ವ್ಯವಸ್ಥಾ ಮಾಡೀವಿ ಸರ್" ಎಂದು ನೀವು ಹೇಳಿದಾಗ ನಾನು ಬೆನ್ನು ನೋಡಿದಿರಾ ಎಂದು ಕೇಳುವುದು ಇದಕ್ಕೇ. ಕೊನೆಗಾಲದಲ್ಲಿ ಸ್ವತಃ ರೋಗಿಯಾಗಿದ್ದ ಡೊನಬೀಡಿಯನ್ನರು ಗುಣಮಟ್ಟದ ಗುಟ್ಟು ಪ್ರೀತಿಯಲ್ಲಿದೆ ಎಂಬ ಅರ್ಥದ ಮಾತಾಡಿದ್ದರು. ಅವರ ಬಾಯಲ್ಲಿ ಅದು ಒಪ್ಪುತ್ತದೆ. ನಮ್ಮಲ್ಲಿ "ಪ್ರೀತಿ ಇದ್ದಲ್ಲಿ ಲೆಕ್ಕ ಯಾಕೆ?" ಎಂಬುದು ಬಾಗಿಲು ಮುಚ್ಚುವ ಮಾತಾಗಿದೆ. ನನಗೆ ಅದು ಒಪ್ಪಿಗೆಯಿಲ್ಲ. ಪ್ರೀತಿ ತುಂಬಿದ ಮನೆಗಳಲ್ಲೂ ಬೆನ್ನುಹುಣ್ಣು ಕಂಡಿದ್ದೇನೆ.

ಫಲವನ್ನೇ ಹಿಡಿದರೂ ಎಡವುವುದುಂಟು. ಅಮೆರಿಕದಲ್ಲಿ ಮನೆ ಆರೈಕೆ ಸಂಸ್ಥೆಗಳ ಅಂಕಗಳನ್ನು 2003ರಿಂದ ಸಾರ್ವಜನಿಕವಾಗಿ ಪ್ರಕಟಿಸತೊಡಗಿದರು. ಮೊದಲಿನ ಅಂಕಗಳಲ್ಲಿ ಹಲವು 'ಸುಧಾರಣೆ'ಯವು: ನಡೆಯುವುದು ಸುಧಾರಿಸಿತೆ, ಸ್ನಾನ ಸುಧಾರಿಸಿತೆ? ತೊಂಬತ್ತರ ಅಜ್ಜ ಸುಧಾರಿಸುವುದೆಲ್ಲಿಂದ? ಇದ್ದ ಹಾಗೆ ಇದ್ದರೆ ಅದೇ ಗೆಲುವು. ಸುಧಾರಿಸುವ ಲಕ್ಷಣವಿಲ್ಲವೆಂದು ಅಲ್ಲಿನ ಸರಕಾರಿ ವಿಮೆಯಲ್ಲಿ ಆರೈಕೆ ನಿರಾಕರಿಸುತ್ತಿದ್ದುದರ ವಿರುದ್ಧ ಜನ ನ್ಯಾಯಾಲಯಕ್ಕೆ ಹೋದರು. ಕುಸಿಯದಂತೆ ಕಾಯುವುದೂ ಆರೈಕೆಯೇ ಎಂಬುದು 2013ರ ರಾಜಿಯಲ್ಲಿ ಸ್ಪಷ್ಟವಾಯಿತು.

ನಮ್ಮ ನೆರೆಯ ಗೋವೆಯಲ್ಲಿ ನಡೆದ ಒಂದು ಪ್ರಯೋಗ ಇವೆಲ್ಲಕ್ಕಿಂತ ನಮಗೆ ಹತ್ತಿರದ್ದು. ಮರೆಗುಳಿ ರೋಗದ ಹಿರಿಯರಿದ್ದ 81 ಕುಟುಂಬಗಳನ್ನು ಅಮಿತ್ ಡಿಯಾಸ್, ವಿಕ್ರಮ್ ಪಟೇಲ್ ಮೊದಲಾದ ವೈದ್ಯರು ಆರಿಸಿಕೊಂಡರು. ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಆರು ತಿಂಗಳು ತರಬೇತಿ ಪಡೆದ ಸ್ಥಳೀಯ ಕಾರ್ಯಕರ್ತರನ್ನು ಮನೆಗೇ ಕಳಿಸಿದರು. ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಬಲ್ಲಭಗಢದ ಆ ಪ್ರಶ್ನಾವಳಿಯೂ ಅಲ್ಲಿ ಬಳಕೆಯಾಗಿತ್ತು. ರೋಗಿಗಳ ದಿನನಿತ್ಯದ ಸಾಮರ್ಥ್ಯದಲ್ಲಿ ಖಚಿತವೆನ್ನಬಹುದಾದ ವ್ಯತ್ಯಾಸ ಕಾಣಲಿಲ್ಲ. ಖಚಿತವಾಗಿ ಸುಧಾರಿಸಿದ್ದು ನೋಡಿಕೊಳ್ಳುವವರ ಮನಃಸ್ಥಿತಿ. ರೋಗಿಯ ವರ್ತನೆಯಿಂದ ಅವರಿಗಾಗುತ್ತಿದ್ದ ಸಂಕಟ ಕಡಿಮೆಯಾಯಿತು. ಅಜ್ಜನನ್ನಷ್ಟೇ ಅಳೆದಿದ್ದರೆ ಆ ಪ್ರಯೋಗ ಸೋತಿತೆಂದು ಬರೆಯಬೇಕಾಗುತ್ತಿತ್ತು. ಕಾನೂನಿನ ವ್ಯಾಖ್ಯೆಯಲ್ಲಿ ಸಿಗದ ಸೊಸೆ ಇಲ್ಲಿ ಅಂತೂ ಅಂಕಪಟ್ಟಿಗೆ ಬಂದಳು.

ಅವಳು ಅಂಕಪಟ್ಟಿಗೆ ಬರಬೇಕಾದದ್ದು ಏಕೆಂದು ನಮ್ಮ ನದಿಯೇ ತೋರಿಸಿಕೊಟ್ಟಿದೆ. 2019ರ ಆಗಸ್ಟಿನ ಪ್ರವಾಹದಲ್ಲಿ ಕೃಷ್ಣೆಯ ದಂಡೆಯ ಜನ ಕಾಳಜಿ ಕೇಂದ್ರಗಳಿಗೆ ಬಂದಾಗ ನಾನು ಅಂಥದೊಂದು ಕೇಂದ್ರದಲ್ಲಿ ಕೈಲಾದ ಕೆಲಸ ಮಾಡುತ್ತಿದ್ದೆ. ಮಂಚ ಸಮೇತ ಹೊತ್ತು ತಂದಿದ್ದ ಅಜ್ಜನೊಬ್ಬನನ್ನು ನೋಡಿದ ವೈದ್ಯರು ಯಾವ ಗುಳಿಗೆ ಕೊಡುತ್ತಿದ್ದೀರಿ ಎಂದು ಕೇಳಿದರು. ಮನೆಯ ನಾಲ್ವರು ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಹೊಲದ ಉತಾರ, ಪಡಿತರ ಚೀಟಿ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ತಂದಿದ್ದರು. ಗುಳಿಗೆಗಳು ಗೂಡಿನಲ್ಲೇ ಉಳಿದಿದ್ದವು. ಅಷ್ಟರಲ್ಲಿ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡಿದ್ದ ಸೊಸೆ ಮುಂದೆ ಬಂದಳು. "ಮುಂಜಾನೆ ಅರ್ಧಾ ಬಿಳೀದು, ರಾತ್ರಿ ಒಂದ ಗುಲಾಬಿ. ಬಿಳೀದು ಸಕ್ಕರಿ ಬ್ಯಾನಿದು. ಮೂರ ದಿನಾ ಆತು ಕಾಲಿನ ಬೆರಳ ಕರ್ರಗ ಆಗೇತ್ರಿ, ಅದನ್ನೂ ನೋಡ್ರಿ." ಆ ಮನೆಯ ಆರೈಕೆಯ ದಫ್ತರವೆಲ್ಲ ಆ ಒಬ್ಬಳ ತಲೆಯಲ್ಲಿತ್ತು. ಅವಳು ತವರಿಗೆ ಹೋಗಿದ್ದ ವಾರ ನೀರು ಬಂದಿದ್ದರೆ ಏನಾಗುತ್ತಿತ್ತೋ.

2021ರ ಜುಲೈಯಲ್ಲಿ ಮತ್ತೆ ನೀರು ಬಂದಾಗ ಕೆಲವು ಮನೆಯವರು ನೂರು ಪುಟದ ನೋಟ್‌ಬುಕ್ಕನ್ನೂ ತಂದಿದ್ದರು. ಮೊಳೆಗೆ ದಾರ ಕಟ್ಟಿ ಮಂಚದ ಬಳಿ ತೂಗುಹಾಕಿದ್ದ ಪುಸ್ತಕ. ಗುಳಿಗೆಯ ಹೆಸರು, ಎಷ್ಟು ಹೊತ್ತಿಗೆ, ಸ್ನಾನ ಆಯಿತೆ, ಬೆನ್ನು ಹಿಮ್ಮಡಿ ಕೆಂಪಾಗಿವೆಯೆ, ರಾತ್ರಿ ಎಷ್ಟು ಸಲ ಎದ್ದರು, ಅಜ್ಜ ಏನು ಬೇಡಿದರು. ಈ ಕೊನೆಯ ಅಂಕಣವನ್ನು ಒಬ್ಬ ಹೈಸ್ಕೂಲು ಹುಡುಗಿ ತಾನಾಗಿಯೇ ಸೇರಿಸಿದ್ದಳು. "ಬಾಗಿಲಾ ತಗದ ಇಡು ಅಂದ್ರು", "ನುಚ್ಚಿಗೆ ಉಪ್ಪ ಕಡಿಮಿ ಅಂದ್ರು", "ಸುಮ್ನ ಇದ್ರು" ಎಂದು ಬರೆದಿತ್ತು. ದೂರದಲ್ಲಿರುವ ನಿಮಗೆ ನಾನು ಕೊಡಬಲ್ಲ ಸಾಧನ ಇದೊಂದೇ. ವಾರಕ್ಕೊಮ್ಮೆ ಆ ಪುಟದ ಚಿತ್ರ ತರಿಸಿಕೊಳ್ಳಿ. ಬರೆಯುವವಳಿಗೆ ನಿದ್ದೆ ಆಗುತ್ತಿದೆಯೇ ಎಂದೂ ಕೇಳಿ.

ಸರಕಾರ ಇದಕ್ಕಿಂತ ಮುಂದೆ ಹೋಗಬಹುದಿತ್ತು. 2019ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಬಂದ ತಿದ್ದುಪಡಿ ಮಸೂದೆಯಲ್ಲಿ ಹಿರಿಯರಿಗೆ ಮನೆಯಲ್ಲೇ ಆರೈಕೆ ಒದಗಿಸುವ ಸಂಸ್ಥೆಗಳ ನೋಂದಣಿ, ಕನಿಷ್ಠ ಗುಣಮಟ್ಟ, 10,000 ರೂಪಾಯಿಯ ಮಿತಿಯ ರದ್ದತಿ ಎಲ್ಲವೂ ಇದ್ದವು; ಸೊಸೆ ಅಳಿಯಂದಿರೂ ವ್ಯಾಖ್ಯೆಯೊಳಗೆ ಬರುವವರಿದ್ದರು. ಮಸೂದೆ ಸ್ಥಾಯಿ ಸಮಿತಿಗೆ ಹೋಯಿತು. 2024ರಲ್ಲಿ 17ನೇ ಲೋಕಸಭೆ ವಿಸರ್ಜನೆಯಾದಾಗ ಅದರೊಂದಿಗೆ ಬಿದ್ದುಹೋಯಿತು.

ಅಧಿಕ ಮಾಸದ ಪಾಳಿಯ ಜಗಳವನ್ನು ಮೇಲೆ ಹೇಳಿದೆನಲ್ಲ, 2023ರಲ್ಲಿ ಅಧಿಕ ಶ್ರಾವಣ ಬಂದಾಗ ನಮ್ಮ ಹತ್ತಿರದ ಹಳ್ಳಿಯೊಂದರಲ್ಲಿ ಹೀಗಾಯಿತು. ಮೂವರು ಅಣ್ಣತಮ್ಮಂದಿರು, ಹೆಚ್ಚಿನ ಆ ತಿಂಗಳು ಯಾರ ಲೆಕ್ಕಕ್ಕೆ ಎಂದು ನಾಲ್ಕು ಜನರನ್ನು ಕೂಡಿಸಿದರು. ಹತ್ತು ಹತ್ತು ದಿನ ಹಂಚಿ ಎಂದರು ಒಬ್ಬರು. ಹಿರಿಯನಿಗೆ ಮನೆ ದೊಡ್ಡದು, ಅವನೇ ಇಟ್ಟುಕೊಳ್ಳಲಿ ಎಂದರು ಇನ್ನೊಬ್ಬರು. ನನ್ನನ್ನೂ ಕರೆದಿದ್ದರು. ಅವ್ವನನ್ನು ಕೇಳಿದಿರಾ ಎಂದೆ. ಯಾರೂ ಮಾತಾಡಲಿಲ್ಲ. ಒಳಗಿನಿಂದ ಅವ್ವನೇ ಗೋಡೆ ಹಿಡಿದುಕೊಂಡು ಬಂದಳು. ಅಧಿಕ ಮಾಸದಲ್ಲಿ ಮಗಳು ಅಳಿಯನನ್ನು ಮನೆಗೆ ಕರೆದು ಉಣಿಸುವುದು ನಮ್ಮ ವಾಡಿಕೆ. ಆಕೆ, "ಈ ಸಲ ಅಳಿಯನ್ನ ಕರೀಬ್ಯಾಡ್ರಿ, ನಾನ ರಾಯಬಾಗಕ್ಕ ಮಗಳ ಮನೀಗೆ ಹೋಗಾಕಿ. ಅಲ್ಲಿ ಬಚ್ಚಲ ಒಳಗ ಐತಿ" ಎಂದಳು. ಮರುದಿನ ಬೆಳಿಗ್ಗೆಯ ಬಸ್ಸಿಗೆ ಕಿರಿಯ ಮಗ ಕೌದಿ, ತಂಬಿಗೆ ಹೊತ್ತುಕೊಂಡು ಆಕೆಯನ್ನು ಬಿಟ್ಟುಬಂದ.